ಸಂಪಾದಕ ಗಾಂಧೀಜಿ ಮತ್ತು ಪ್ಯಾಲೆಸ್ಟೀನಿನ ಪ್ರಶ್ನೆ

ಮೋಹನದಾಸ ಕರಮಚಂದ ಗಾಂಧಿಯವರು (1869–1948) ಓದಿದ್ದು ಬ್ಯಾರಿಸ್ಟರಿಕೆ. ಬದುಕಿನ ಬಹುಪಾಲು ಮಾಡಿದ್ದು ಪತ್ರಿಕೆಯ ಕೆಲಸ. 1903ರಲ್ಲಿ ಡರ್ಬನ್ನಿನಲ್ಲಿ ಹೊರಟ ‘ಇಂಡಿಯನ್ ಒಪಿನಿಯನ್’ನಿಂದ ಹಿಡಿದು ಕೊನೆಯ ದಿನಗಳ ‘ಹರಿಜನ’ದವರೆಗೆ ಅವರ ಬರವಣಿಗೆ ವಾರವಾರವೂ ಅಚ್ಚಾಗುತ್ತ ಬಂತು. ನಡುನಡುವೆ ಜೈಲಿನಿಂದಲೋ ಸರ್ಕಾರದ ನಿರ್ಬಂಧದಿಂದಲೋ ನಿಂತದ್ದೂ ಉಂಟು. ಈ ರಾಶಿಯಲ್ಲಿ ಝಿಯೋನಿಸಂ ಕುರಿತು ಬರೆದದ್ದು ತೀರ ಸಣ್ಣ ಪಾಲು. ಆದರೂ ಆ ಚಳವಳಿಯನ್ನು ಒಪ್ಪದ ಪತ್ರಕರ್ತರ ಸಾಲಿನಲ್ಲಿ ಅವರ ಹೆಸರು ಇಂದಿಗೂ ಮುಂದಿದೆ. 1938ರ ಒಂದು ಲೇಖನದ ಒಂದು ವಾಕ್ಯವನ್ನು ಒಂದು ಪಕ್ಷದವರು ಭಿತ್ತಿಪತ್ರಕ್ಕೆ ಏರಿಸುತ್ತಾರೆ. ಅದೇ ಲೇಖನದ ಇನ್ನೊಂದು ಸಲಹೆಯನ್ನು ಎದುರು ಪಕ್ಷದವರು ಆರೋಪಪಟ್ಟಿಗೆ ಸೇರಿಸುತ್ತಾರೆ. ಇಬ್ಬರೂ ಉಳಿದ ಪುಟಗಳನ್ನು ತಿರುವುವುದು ಕಡಿಮೆ. ಜೀವನಚರಿತ್ರೆ ಬರೆಯುವವರಿಗೆ ಪೂರಾ ಸರಣಿ ಬೇಕು: ಬರೆದ ತಾರೀಖು, ಬಂದ ಆಕ್ಷೇಪ, ಕೊಟ್ಟ ಉತ್ತರ, ಹಿಂತೆಗೆದುಕೊಂಡ ಮಾತು.

ಅವರ ಪತ್ರಿಕೆಗಳ ಸ್ವಭಾವವನ್ನು ಮೊದಲು ನೋಡಬೇಕು. ‘ನವಜೀವನ’ 1919ರ ಸೆಪ್ಟೆಂಬರಿನಲ್ಲಿ ಗುಜರಾತಿಯಲ್ಲಿ ಬಂತು. ಮರುತಿಂಗಳು ‘ಯಂಗ್ ಇಂಡಿಯಾ’ ಅವರ ಸಂಪಾದಕತ್ವಕ್ಕೆ ಬಂತು. 1933ರ ಫೆಬ್ರುವರಿಯಲ್ಲಿ, ಅವರು ಯೆರವಡಾ ಜೈಲಿನಲ್ಲಿದ್ದಾಗಲೇ, ಪುಣೆಯಿಂದ ‘ಹರಿಜನ’ ಹೊರಟಿತು. ಅದರ ಸಂಪಾದಕರೆಂದು ಬೇರೆಯವರ ಹೆಸರಿದ್ದರೂ ಮುಖ್ಯ ಲೇಖಕ ಅವರೇ. ಜಾಹೀರಾತು ಹಾಕುತ್ತಿರಲಿಲ್ಲ. ಓದುಗರ ಪತ್ರ, ಅದಕ್ಕೆ ಉತ್ತರ, ಉತ್ತರಕ್ಕೆ ಮತ್ತೊಂದು ಪತ್ರ, ಹೀಗೆ ಪುಟಗಳು ತುಂಬುತ್ತಿದ್ದವು. ‘ಯಂಗ್ ಇಂಡಿಯಾ’ದ ಮೂರು ಲೇಖನಗಳಿಗಾಗಿ 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆ ನಡೆದು ಅವರಿಗೆ ಆರು ವರ್ಷ ಶಿಕ್ಷೆಯಾಯಿತು. ಬರೆದದ್ದಕ್ಕೆ ಬೆಲೆ ತೆತ್ತ ಸಂಪಾದಕ ಅವರು. ಬರೆದದ್ದನ್ನು ತಿದ್ದಿಕೊಳ್ಳಲು ಹಿಂಜರಿಯದವರೂ ಹೌದು. ತಮ್ಮ ಎರಡು ಬರಹಗಳು ಒಂದಕ್ಕೊಂದು ಹೊಂದದಿದ್ದರೆ ಈಚಿನದನ್ನೇ ಹಿಡಿಯಿರಿ ಎಂದು 1933ರಲ್ಲಿ ‘ಹರಿಜನ’ದ ಓದುಗರಿಗೆ ತಿಳಿಸಿದ್ದರು. ಜೀವನಚರಿತ್ರಕಾರರಿಗೆ ಇದರಿಂದ ಅನುಕೂಲವೂ ಇದೆ, ತೊಡಕೂ ಇದೆ. ಪ್ಯಾಲೆಸ್ಟೀನಿನ ವಿಷಯದಲ್ಲಿ ಅವರ ತೀರ್ಮಾನ ಹೆಚ್ಚು ಬದಲಾಗಲಿಲ್ಲ. ಅದಕ್ಕೆ ಕೊಟ್ಟ ಕಾರಣಗಳು ಮಾತ್ರ ಕಾಲಕಾಲಕ್ಕೆ ಬದಲಾದವು.

ಈ ಬರಹಗಾರನ ಬದುಕಿನ ಎರಡು ಬೇಸಿಗೆಗಳು ಚಿಕ್ಕಬಳ್ಳಾಪುರದ ನೆತ್ತಿಯ ಮೇಲಿನ ನಂದಿಬೆಟ್ಟದಲ್ಲಿ ಕಳೆದವು. 1927ರ ಮಾರ್ಚ್ ಕೊನೆಯಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಕುಸಿದ ಅವರನ್ನು ಏಪ್ರಿಲಿನಲ್ಲಿ ಬೆಟ್ಟಕ್ಕೆ ಕರೆತಂದರು. ಜೂನ್ ಮೊದಲ ವಾರದವರೆಗೆ ಅಲ್ಲಿದ್ದು ಬೆಂಗಳೂರಿಗೆ ಇಳಿದರು. ಆಗ ಅವರ ಆತ್ಮಕಥೆ ‘ನವಜೀವನ’ದಲ್ಲಿ ಧಾರಾವಾಹಿಯಾಗಿ, ಮಹಾದೇವ ದೇಸಾಯಿಯವರ ಅನುವಾದದಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬರುತ್ತಿತ್ತು. ಎರಡನೆಯ ಸಲ 1936ರ ಮೇ ತಿಂಗಳಲ್ಲಿ ಬಂದಾಗ ಸರದಾರ್ ಪಟೇಲರೂ ಜೊತೆಗಿದ್ದರು; ಸರ್ ಸಿ. ವಿ. ರಾಮನ್ ಬೆಟ್ಟ ಹತ್ತಿ ಬಂದು ಮಾತಾಡಿಸಿದ ಪ್ರಸಂಗ ‘ಹರಿಜನ’ದಲ್ಲೇ ವರದಿಯಾಗಿದೆ. ಅದೇ ಬೇಸಿಗೆಯಲ್ಲಿ ಪ್ಯಾಲೆಸ್ಟೀನಿನಲ್ಲಿ ಅರಬರ ಸಾರ್ವತ್ರಿಕ ಮುಷ್ಕರ ಆರಂಭವಾಗಿ, ಮೂರು ವರ್ಷ ನಡೆದ ದಂಗೆಯಾಗಿ ಬೆಳೆಯುತ್ತಿತ್ತು.

ಅವರ ನಿಲುವನ್ನು ತೂಗುವ ಮುನ್ನ ಅವರ ಯಹೂದಿ ಸ್ನೇಹಿತರನ್ನು ಅರಿಯುವುದು ಅಗತ್ಯ. ದಕ್ಷಿಣ ಆಫ್ರಿಕದ ಇಪ್ಪತ್ತೊಂದು ವರ್ಷಗಳಲ್ಲಿ ಅವರಿಗೆ ಅತಿ ಹತ್ತಿರವಿದ್ದ ಬಿಳಿಯರಲ್ಲಿ ಹಲವರು ಯಹೂದಿಗಳೇ. ಇಂಗ್ಲಿಷ್ ಲೇಖಕ ರಸ್ಕಿನ್ನನ ಪುಸ್ತಕವನ್ನು 1904ರಲ್ಲಿ ರೈಲಿನಲ್ಲಿ ಓದಲೆಂದು ಕೈಗಿತ್ತವರು, ಮುಂದೆ ‘ಇಂಡಿಯನ್ ಒಪಿನಿಯನ್’ನ ಸಂಪಾದಕರಾದವರು ಹೆನ್ರಿ ಪೋಲಕ್. ಕಚೇರಿಯನ್ನು ನಿಭಾಯಿಸಿದವರು ಸೋನ್ಯಾ ಶ್ಲೇಸಿನ್. 1910ರಲ್ಲಿ ಸತ್ಯಾಗ್ರಹಿಗಳ ಕುಟುಂಬಗಳಿಗೆ 1,100 ಎಕರೆಯ ಟಾಲ್‌ಸ್ಟಾಯ್ ಫಾರ್ಮನ್ನು ಬಿಟ್ಟುಕೊಟ್ಟವರು ವಾಸ್ತುಶಿಲ್ಪಿ ಹರ್ಮನ್ ಕ್ಯಾಲೆನ್‌ಬಾಕ್. ಗಾಂಧೀಜಿಗೆ ಯಹೂದಿಗಳ ಮೇಲೆ ದ್ವೇಷವಿತ್ತು ಎನ್ನುವ ಮಾತು ಈ ಹೆಸರುಗಳ ಮುಂದೆ ನಿಲ್ಲುವುದು ಕಷ್ಟ. ಹಾಗೆಂದು ಸ್ನೇಹಿತರಿದ್ದರೆಂಬ ಕಾರಣಕ್ಕೆ ಅವರ ವಾದಗಳೆಲ್ಲ ಸರಿಯಾಗಿದ್ದವೆಂದೂ ಆಗದು. ಕ್ಯಾಲೆನ್‌ಬಾಕ್ ಸ್ವತಃ ಮುಂದೆ ಝಿಯೋನಿಸಂ ಕಡೆಗೆ ಒಲಿದರು. 1945ರಲ್ಲಿ ತೀರಿಕೊಂಡ ಮೇಲೆ ಅವರ ಚಿತಾಭಸ್ಮ ಸೇರಿದ್ದು ಗಲಿಲೀ ಸರೋವರದ ದಂಡೆಯ ದೆಗಾನಿಯಾ ಎಂಬ ಕಿಬುತ್ಸಿಗೆ, ಅಂದರೆ ಯಹೂದಿಗಳ ಸಾಮೂಹಿಕ ಕೃಷಿ ನೆಲೆಗೆ.

ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಬೇಕೆಂಬ ಚಳವಳಿಯೇ ಝಿಯೋನಿಸಂ. ಥಿಯೋಡೋರ್ ಹರ್ಜಲ್ 1897ರಲ್ಲಿ ಬಾಸೆಲ್ ನಗರದಲ್ಲಿ ಅದರ ಮೊದಲ ಸಮಾವೇಶ ಕರೆದಿದ್ದರು. 1917ರ ನವೆಂಬರಿನ ಬಾಲ್ಫೋರ್ ಘೋಷಣೆಯಲ್ಲಿ ಬ್ರಿಟನ್ ಅದಕ್ಕೆ ಬೆಂಬಲ ಕೊಟ್ಟಿತು. ಮಹಾಯುದ್ಧದ ನಂತರ ಪ್ಯಾಲೆಸ್ಟೀನ್ ಬ್ರಿಟಿಷರ ಆಡಳಿತಕ್ಕೆ ಸಿಕ್ಕಿತು. ಭಾರತದಲ್ಲಿ ಅದೇ ಹೊತ್ತಿಗೆ ತುರ್ಕಿಯ ಖಲೀಫನ ಪರವಾದ ಖಿಲಾಫತ್ ಚಳವಳಿ ಎದ್ದಿತ್ತು. ಗಾಂಧೀಜಿಯ ಮೊದಲ ಬರಹಗಳು ಈ ಸಂದರ್ಭದವು. 1921ರ ‘ಯಂಗ್ ಇಂಡಿಯಾ’ದಲ್ಲಿ ಅವರ ವಾದ ಪೂರ್ತಿ ಧಾರ್ಮಿಕ ನೆಲೆಯದು. ಪ್ಯಾಲೆಸ್ಟೀನ್ ಇಸ್ಲಾಮಿನ ಪವಿತ್ರ ನೆಲದ ಭಾಗ, ಅದು ಮುಸ್ಲಿಮರ ಅಧಿಕಾರದಲ್ಲಿರಬೇಕು, ಅದನ್ನು ಬೇರೆಯವರಿಗೆ ಒಪ್ಪಿಸಲೆಂದು ಭಾರತದ ಮುಸ್ಲಿಂ ಸೈನಿಕರು ರಕ್ತ ಸುರಿಸಲಿಲ್ಲ ಎಂಬ ಧಾಟಿ ಅಲ್ಲಿದೆ. ಅಲ್ಲಿ ವಾಸವಿದ್ದ ರೈತನ ಹಕ್ಕಿನ ಮಾತು ಇನ್ನೂ ಮುಂದೆ ಬಂದಿಲ್ಲ. ಗಾಂಧೀಜಿಯ ಅಭಿಮಾನಿಗಳು ಈ ಪುಟವನ್ನು ಹಾರಿಸಿಬಿಡುವುದುಂಟು. ಹಾರಿಸಿದರೆ ಮುಂದೆ ಅವರ ಮೇಲೆ ಬಂದ ಒಂದು ಆಕ್ಷೇಪಕ್ಕೆ ಬುಡವೇ ಇಲ್ಲದಂತೆ ಕಾಣುತ್ತದೆ. ಹಿಂದೂ–ಮುಸ್ಲಿಂ ಐಕ್ಯದ ರಾಜಕಾರಣಕ್ಕಾಗಿ ಅವರು ಹೀಗೆ ಬರೆದರು ಎಂಬುದೇ ಆ ಆಕ್ಷೇಪ.

ಹತ್ತು ವರ್ಷದ ನಂತರ ಮಾತು ಬೇರೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದಾಗ ‘ಜ್ಯೂಯಿಶ್ ಕ್ರಾನಿಕಲ್’ ಪತ್ರಿಕೆಗೆ ಅವರು ಸಂದರ್ಶನ ಕೊಟ್ಟರು. ಆಧ್ಯಾತ್ಮಿಕ ಹಂಬಲವಾಗಿ ಝಿಯೋನಿಸಂ ಉದಾತ್ತವೇ, ನಿಜವಾದ ಜೆರುಸಲೇಮ್ ಮನಸ್ಸಿನೊಳಗಿನದು, ಅದನ್ನು ಲೋಕದ ಯಾವ ಮೂಲೆಯಲ್ಲಾದರೂ ಕಾಣಬಹುದು; ನೆಲವನ್ನು ಮತ್ತೆ ವಶಪಡಿಸಿಕೊಳ್ಳುವ ಝಿಯೋನಿಸಂ ತಮ್ಮನ್ನು ಸೆಳೆಯುವುದಿಲ್ಲ ಎಂಬುದು ಅಲ್ಲಿನ ಸಾರ.

ಭಾರತದ ನಾಯಕರ ಒಲವು ಗಳಿಸಲು ಝಿಯೋನಿಸ್ಟರ ಪ್ರಾತಿನಿಧಿಕ ಸಂಸ್ಥೆಯಾದ ಯಹೂದಿ ಏಜೆನ್ಸಿ 1936ರಲ್ಲಿ ಸಂಸ್ಕೃತ ಬಲ್ಲ ಇಮ್ಯಾನುಯೆಲ್ ಓಲ್ಸ್‌ವಾಂಗರ್ ಅವರನ್ನು ಕಳಿಸಿತು. ಕೆಲಸ ಕೈಗೂಡಲಿಲ್ಲ. ಮರುವರ್ಷ ಏಜೆನ್ಸಿಯ ರಾಜಕೀಯ ವಿಭಾಗದ ಮೋಶೆ ಶೆರ್ತೋಕ್ ಅವರ ಕೋರಿಕೆಯಂತೆ ಕ್ಯಾಲೆನ್‌ಬಾಕ್ ತಾವೇ ಬಂದರು. ಹಳೆಯ ಗೆಳೆಯರು ಎರಡು ದಶಕಗಳಿಗೂ ಮೀರಿದ ಕಾಲದ ನಂತರ ಮುಖಾಮುಖಿಯಾದರು. ಆಗ ಗಾಂಧೀಜಿ ಒಂದು ಹೇಳಿಕೆ ಬರೆದುಕೊಟ್ಟರು: ಬ್ರಿಟಿಷ್ ಶಸ್ತ್ರದ ಆಸರೆ ಬಿಟ್ಟು ಅರಬರೊಂದಿಗೆ ನೇರವಾಗಿ ಮಾತಾಡಿ, ಅವರ ಒಪ್ಪಿಗೆಯಿಂದ ನೆಲೆ ಕಂಡುಕೊಳ್ಳಬೇಕು ಎಂದು. ಅದು ಆಗ ಪ್ರಕಟವಾಗಲಿಲ್ಲ. ಝಿಯೋನಿಸ್ಟ್ ನಾಯಕರ ಕಡತದಲ್ಲಿ ಉಳಿಯಿತು. ಗಾಂಧೀಜಿ ಖಾಸಗಿಯಾಗಿ ಮೆದುವಾಗಿದ್ದರು, ಅಚ್ಚಿನಲ್ಲಿ ಗಡುಸಾದರು ಎಂದು ಹೇಳುವವರಿಗೆ ಈ ಹೇಳಿಕೆಯೇ ಮುಖ್ಯ ಸಾಕ್ಷಿ. ಆದರೆ ಅರಬರ ಒಪ್ಪಿಗೆ ಎಂಬ ಷರತ್ತು ಇದರಲ್ಲೂ ಇದೆ, ಮರುವರ್ಷದ ಲೇಖನದಲ್ಲೂ ಇದೆ.

ಆ ಲೇಖನ ‘ಯಹೂದಿಗಳು’ ಎಂಬ ಅರ್ಥದ ಸರಳ ತಲೆಬರಹ ಹೊತ್ತು 1938ರ ನವೆಂಬರ್ 26ರ ‘ಹರಿಜನ’ದಲ್ಲಿ ಬಂತು. ಬರೆದದ್ದು ಸೇಗಾಂವ್‌ನಲ್ಲಿ, ನವೆಂಬರ್ 20ರಂದು. ಅದಕ್ಕೆ ಹತ್ತು ದಿನ ಮುಂಚೆ ಜರ್ಮನಿಯಲ್ಲಿ ಒಂದೇ ರಾತ್ರಿಯಲ್ಲಿ ಸಿನಗಾಗುಗಳನ್ನು ಸುಟ್ಟು, ಅಂಗಡಿಗಳನ್ನು ಒಡೆದು, ಸಾವಿರಾರು ಯಹೂದಿಗಳನ್ನು ಶಿಬಿರಗಳಿಗೆ ಅಟ್ಟಿದ್ದರು. ಲೇಖನದ ಆರಂಭ ಸಹಾನುಭೂತಿಯದು: ಯಹೂದಿಗಳು ಕ್ರೈಸ್ತ ಜಗತ್ತಿನ ಅಸ್ಪೃಶ್ಯರು ಎನ್ನುವ ಹೋಲಿಕೆ ಅಲ್ಲಿದೆ. ‘ಹರಿಜನ’ ಎಂಬ ಹೆಸರಿನ ಪತ್ರಿಕೆಯಲ್ಲಿ ಈ ಹೋಲಿಕೆಗೆ ಇರುವ ತೂಕವನ್ನು ಓದುಗರು ಬಲ್ಲರು. ಆ ಸಹಾನುಭೂತಿ ನ್ಯಾಯಕ್ಕೆ ಕುರುಡಾಗಿಸಬಾರದು ಎಂದು ಮುಂದುವರಿದು, ಇಂಗ್ಲೆಂಡ್ ಇಂಗ್ಲಿಷರದ್ದಾಗಿರುವಂತೆ, ಫ್ರಾನ್ಸ್ ಫ್ರೆಂಚರದ್ದಾಗಿರುವಂತೆ ಪ್ಯಾಲೆಸ್ಟೀನ್ ಅರಬರದ್ದು ಎನ್ನುತ್ತಾರೆ. ಭಿತ್ತಿಪತ್ರಕ್ಕೆ ಏರುವ ವಾಕ್ಯ ಇದೇ. 1921ರ ಧಾರ್ಮಿಕ ವಾದ ಇಲ್ಲಿ ಕಾಣುವುದಿಲ್ಲ. ವಾಸವಿರುವ ಜನರ ಹಕ್ಕು ಅದರ ಜಾಗಕ್ಕೆ ಬಂದಿದೆ. ಅರಬರ ಹಿಂಸೆಯನ್ನು ಅವರು ಸಮರ್ಥಿಸುವುದಿಲ್ಲ, ಅಹಿಂಸೆಯ ದಾರಿ ಹಿಡಿದಿದ್ದರೆ ಚೆನ್ನಿತ್ತು ಎನ್ನುತ್ತಾರೆ. ಲೋಕ ಒಪ್ಪಿದ ಸರಿತಪ್ಪಿನ ಅಳತೆಯಲ್ಲಿ ಅವರ ಪ್ರತಿರೋಧವನ್ನು ದೂರಲಾಗದು ಎಂದೂ ಸೇರಿಸುತ್ತಾರೆ.

ಜರ್ಮನಿಯ ಕಿರುಕುಳಕ್ಕೆ ಇತಿಹಾಸದಲ್ಲಿ ಸಾಟಿಯಿಲ್ಲ, ಮಾನವತೆಯ ಹೆಸರಿನಲ್ಲಿ ಯಾವುದಾದರೂ ಯುದ್ಧ ನ್ಯಾಯವೆನಿಸುವುದಾದರೆ ಅದು ಜರ್ಮನಿಯ ಮೇಲಿನ ಯುದ್ಧ ಎಂದು ಅದೇ ಲೇಖನ ಹೇಳುತ್ತದೆ. ಆದರೆ ತಾವು ಯಾವ ಯುದ್ಧವನ್ನೂ ನಂಬುವವರಲ್ಲವಾದ್ದರಿಂದ ಅಲ್ಲಿನ ಯಹೂದಿಗಳಿಗೆ ಸತ್ಯಾಗ್ರಹದ ಸಲಹೆ ಕೊಡುತ್ತಾರೆ: ಹುಟ್ಟಿದ ನೆಲ ಬಿಡಬೇಡಿ, ತಲೆಬಾಗಬೇಡಿ, ಸಾವನ್ನಾದರೂ ಸ್ವಇಚ್ಛೆಯಿಂದ ಎದುರಿಸಿ. ಅತಿ ಹೆಚ್ಚು ನೋವುಂಟುಮಾಡಿದ್ದು ಪ್ಯಾಲೆಸ್ಟೀನಿನ ವಾಕ್ಯಕ್ಕಿಂತ ಈ ಸಲಹೆ.

ಇದೇ 1938ರಲ್ಲಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಸತ್ಯಾಗ್ರಹದ ಬೆಲೆ ತೆತ್ತಿತ್ತು. ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕ ಮೂವತ್ತನ್ನು ದಾಟಿತ್ತು. ಸುದ್ದಿ ದೇಶದ ಪತ್ರಿಕೆಗಳಲ್ಲಿ ಬಂತು. ಗಾಂಧೀಜಿ ಹೇಳಿಕೆ ಕೊಟ್ಟು ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಬಲ ತುಂಬಿದರು. ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದಕ್ಕೆ ಬಂದರು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಕಾಂಗ್ರೆಸ್ ಬಾವುಟ ಸಂಸ್ಥಾನದ ಬಾವುಟದ ಜೊತೆ ಹಾರಲು ದಾರಿಯಾಯಿತು. ಪ್ರಾಣ ಹೋದ ಮೇಲೂ ಅದನ್ನು ಕೇಳುವ ಕಿವಿಗಳಿದ್ದವು, ಅಚ್ಚು ಹಾಕುವ ಪತ್ರಿಕೆಗಳಿದ್ದವು, ಲೋಕದ ಮಾತಿಗೆ ಅಂಜುವ ಒಬ್ಬ ದಿವಾನನಿದ್ದ. ಗಾಂಧೀಜಿ ನವೆಂಬರಿನಲ್ಲಿ ಜರ್ಮನಿಯ ಯಹೂದಿಗಳಿಗೆ ಬರೆಯುವಾಗ ಅವರ ಕಣ್ಣ ಮುಂದಿದ್ದ ಅನುಭವ ದಕ್ಷಿಣ ಆಫ್ರಿಕದ್ದು, ಚಂಪಾರಣ್ಯದ್ದು, ಇಂಥ ಸಂಸ್ಥಾನಗಳದ್ದು. ಬರ್ಲಿನ್ನಿನಲ್ಲಿ ಅಂಥ ಕಿವಿ, ಪತ್ರಿಕೆ, ದಿವಾನ ಒಂದೂ ಇರಲಿಲ್ಲ.

ಈ ಕೊರತೆಯನ್ನು ಅತ್ಯಂತ ನೇರವಾಗಿ ತೋರಿಸಿದವರು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಅಧ್ಯಕ್ಷ ಯೂದಾ ಮಾಗ್ನೆಸ್. ಜರ್ಮನಿಯಲ್ಲಿ ಪ್ರತಿಭಟಿಸಿದ ಯಹೂದಿ ಸದ್ದಿಲ್ಲದೆ ಕಣ್ಮರೆಯಾಗುತ್ತಾನೆ, ಅವನ ತ್ಯಾಗ ಯಾರ ಗಮನಕ್ಕೂ ಬರುವುದಿಲ್ಲ, ಅಂಥ ಕಡೆ ಸತ್ಯಾಗ್ರಹ ಹೇಗೆ ನಡೆದೀತು ಎಂದು 1939ರ ಫೆಬ್ರುವರಿ 26ರ ಪತ್ರದಲ್ಲಿ ಕೇಳಿದರು. ಎರಡು ದಿನ ಮುಂಚೆ ದಾರ್ಶನಿಕ ಮಾರ್ಟಿನ್ ಬೂಬರ್ ಇನ್ನೂ ದೀರ್ಘವಾದ ಪತ್ರ ಬರೆದಿದ್ದರು. ಬೂಬರ್ ಹಿಂದಿನ ವರ್ಷವಷ್ಟೇ ಜರ್ಮನಿ ಬಿಟ್ಟು ಬಂದವರು. ದಕ್ಷಿಣ ಆಫ್ರಿಕದ ಭಾರತೀಯರ ಬೆನ್ನಿಗೆ ಭಾರತವೆಂಬ ತಾಯ್ನೆಲ ಇತ್ತು, ಯಹೂದಿಗಳಿಗೆ ಹಾಗೆ ಯಾವುದೂ ಇಲ್ಲ; ಒಂದು ನೆಲದ ಮೇಲೆ ಎರಡು ಜನಾಂಗಗಳ ಹಕ್ಕುಗಳಿದ್ದಾಗ ಒಂದನ್ನು ಅಳಿಸದೆ ಎರಡನ್ನೂ ಹೊಂದಿಸುವ ದಾರಿ ಹುಡುಕಬೇಕು ಎಂದು ವಾದಿಸಿದರು. ಈ ಇಬ್ಬರೂ ಅರಬರೊಂದಿಗೆ ಕೂಡಿ ಬಾಳುವ ಎರಡು ಜನಾಂಗಗಳ ರಾಜ್ಯ ಬಯಸಿ ತಮ್ಮವರಿಂದಲೇ ಟೀಕೆ ಕೇಳಿದವರು. ಗಾಂಧೀಜಿಯನ್ನು ಮೆಚ್ಚುತ್ತಿದ್ದವರೂ ಹೌದು. ಆದ್ದರಿಂದಲೇ ಅವರ ಉತ್ತರಕ್ಕೆ ಬೇರೆ ಟೀಕೆಗಳಿಗಿಲ್ಲದ ತೂಕ. ಎರಡೂ ಪತ್ರಗಳು ಅದೇ ವರ್ಷ ಜೆರುಸಲೇಮಿನಲ್ಲಿ ಕಿರುಹೊತ್ತಿಗೆಯಾಗಿ ಬಂದವು. ಗಾಂಧೀಜಿಯ ಉತ್ತರ ಬರಲಿಲ್ಲ. ಪತ್ರಗಳು ಅವರ ಕೈಸೇರಿದ್ದಕ್ಕೆ ಪುರಾವೆಯೂ ಸಿಕ್ಕಿಲ್ಲ. ಮಹಾತ್ಮ ನಿರುತ್ತರರಾದರು ಎಂದು ಬರೆಯುವವರು ಈ ಎರಡನೆಯ ಸಂಗತಿಯನ್ನೂ ಬರೆಯಬೇಕಾಗುತ್ತದೆ.

ಕೈಸೇರಿದ ಟೀಕೆಗಳಿಗೆ ಅವರು ಉತ್ತರಿಸಿದರು. ಅಮೆರಿಕದ ‘ಜ್ಯೂಯಿಶ್ ಫ್ರಾಂಟಿಯರ್’ ಪತ್ರಿಕೆಯ ಸಂಪಾದಕ ಹಯೀಮ್ ಗ್ರೀನ್‌ಬರ್ಗ್ ಮುಸ್ಲಿಮರ ಮನವೊಲಿಕೆಯ ಆಕ್ಷೇಪ ಎತ್ತಿದಾಗ, ದೇಶದ ಬಿಡುಗಡೆಗಾಗಿ ಕೂಡ ಸತ್ಯವನ್ನು ಮಾರುವವನಲ್ಲ, ಮುಸ್ಲಿಮರ ಸ್ನೇಹಕ್ಕಾಗಿ ಮಾರುವುದಂತೂ ದೂರದ ಮಾತು ಎಂಬರ್ಥದ ಉತ್ತರ 1939ರ ಮೇ ತಿಂಗಳ ‘ಹರಿಜನ’ದಲ್ಲಿ ಬಂತು. ಉತ್ತರ ಪ್ರಾಮಾಣಿಕವಿರಬಹುದು, 1921ರ ಪುಟಗಳು ಮಾತ್ರ ಅಲ್ಲೇ ಇವೆ.

ಅದೇ ತಿಂಗಳ ಇನ್ನೊಂದು ಟಿಪ್ಪಣಿ ಪತ್ರಕರ್ತ ಗಾಂಧಿಯನ್ನು ಹೆಚ್ಚು ಹತ್ತಿರದಿಂದ ತೋರಿಸುತ್ತದೆ. ಯಹೂದಿಗಳು ಜರ್ಮನಿಯ ಮೇಲೆ ಲೋಕದ ಶಾಪ ಬಯಸುತ್ತಾರೆ, ಅಮೆರಿಕ ಮತ್ತು ಇಂಗ್ಲೆಂಡ್ ತಮ್ಮ ಪರವಾಗಿ ಯುದ್ಧ ಹೂಡಲಿ ಎಂದು ಆಶಿಸುತ್ತಾರೆ ಎಂಬ ಮಾತನ್ನು ಅವರು ಹಿಂದಿನ ಬರಹದಲ್ಲಿ ಆಡಿದ್ದರು. ಯಹೂದಿ ಮಿತ್ರರು ಆಧಾರ ಕೇಳಿದರು. ಗಾಂಧೀಜಿ ಹುಡುಕಿಸಿದರು; ಮಾತಿಗೆ ತಕ್ಕ ಆಧಾರ ಸಿಗಲಿಲ್ಲ. ಹಿಂತೆಗೆದುಕೊಂಡಿದ್ದೇನೆ ಎಂಬರ್ಥದ ತಲೆಬರಹ ಕೊಟ್ಟು, ಯಾವ ಷರತ್ತೂ ಹಾಕದೆ ಆ ಮಾತನ್ನು ವಾಪಸು ಪಡೆದರು. ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದ ತಪ್ಪೊಪ್ಪಿಗೆ ಹಾಕಿ ಕೈತೊಳೆದುಕೊಳ್ಳುವ ಪದ್ಧತಿಗೆ ಹೋಲಿಸಿದರೆ ಇದು ದೊಡ್ಡ ನಡೆ. ವಿಚಿತ್ರವೆಂದರೆ ಭಿತ್ತಿಪತ್ರದವರೂ ಆರೋಪಪಟ್ಟಿಯವರೂ ಈ ಟಿಪ್ಪಣಿಯನ್ನು ಎತ್ತಿ ಹೇಳುವುದಿಲ್ಲ. ಮೂಲ ಸಲಹೆಯನ್ನಾಗಲಿ ಪ್ಯಾಲೆಸ್ಟೀನಿನ ನಿಲುವನ್ನಾಗಲಿ ಅವರು ಹಿಂತೆಗೆಯಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಕಾಲದ ಅರಿವು ಈ ಭಾಗದಲ್ಲಿ ಬಹಳ ಮುಖ್ಯ. ಲೇಖನ ಬರೆದಾಗ ಸಾಮೂಹಿಕ ಹತ್ಯೆಯ ಶಿಬಿರಗಳು ಇನ್ನೂ ಎದ್ದಿರಲಿಲ್ಲ. ಅರವತ್ತು ಲಕ್ಷ ಯಹೂದಿಗಳ ಸಾವು ಮುಂದಿನ ಯುದ್ಧದ ವರ್ಷಗಳದ್ದು. 1938ರ ಸಲಹೆಯನ್ನು 1945ರ ಬೆಳಕಿನಲ್ಲಿ ಮಾತ್ರ ಓದುವುದು ನ್ಯಾಯವಲ್ಲ. ಆದರೆ ಗಾಂಧೀಜಿಯ ಪರ ಈ ವಾದ ಹೂಡುವವರಿಗೆ ಒಂದು ಅಡ್ಡಿ ಇದೆ. ಯುದ್ಧ ಮುಗಿದು ಎಲ್ಲ ತಿಳಿದ ಮೇಲೂ, 1946ರಲ್ಲಿ, ಯಹೂದಿಗಳು ತಾವಾಗಿ ಪ್ರಾಣ ಒಪ್ಪಿಸಿದ್ದರೆ ಲೋಕ ಎಚ್ಚರಗೊಳ್ಳುತ್ತಿತ್ತು ಎಂಬಂತೆ ಅವರು ಮಾತಾಡಿದ್ದನ್ನು ಅಮೆರಿಕದ ಪತ್ರಕರ್ತ ಲೂಯಿ ಫಿಶರ್ ದಾಖಲಿಸಿದ್ದಾರೆ. ಫಿಶರ್ ಗಾಂಧೀಜಿಯ ಅಭಿಮಾನಿ. ದ್ವೇಷಕ್ಕೆ ಬರೆದ ಮಾತಲ್ಲ ಅದು. ಹಿಟ್ಲರನಿಗೆ 1939ರ ಜುಲೈನಲ್ಲೂ 1940ರ ಡಿಸೆಂಬರಿನಲ್ಲೂ ಮಿತ್ರನೆಂದು ಸಂಬೋಧಿಸಿ ಬರೆದ ಎರಡು ಪತ್ರಗಳೂ ಇದೇ ಸರಣಿಗೆ ಸೇರುತ್ತವೆ. ಅವನ್ನು ಸರ್ಕಾರ ಮುಂದಕ್ಕೆ ಬಿಡಲಿಲ್ಲ. ಎರಡನೆಯ ಪತ್ರ ನಾಜಿಗಳ ಕೃತ್ಯಗಳನ್ನು ಕಟುವಾಗಿ ಖಂಡಿಸುತ್ತದೆ; ಸಂಬೋಧನೆಯನ್ನಷ್ಟೇ ಎತ್ತಿ ತೋರಿಸುವವರು ಆ ಸಾಲುಗಳನ್ನು ಬಿಡುತ್ತಾರೆ.

1942ರಲ್ಲಿ ನಿಂತ ‘ಹರಿಜನ’ 1946ರ ಫೆಬ್ರುವರಿಯಲ್ಲಿ ಮತ್ತೆ ಹೊರಟಿತು. ಆ ಬೇಸಿಗೆಯಲ್ಲಿ ಗಾಂಧೀಜಿ ಪ್ಯಾಲೆಸ್ಟೀನಿನಲ್ಲಿ ಯಹೂದಿಗಳ ಪಕ್ಷಕ್ಕೂ ಬಲವಿದೆ, ಅರಬರಿಗಿಂತ ಅವರ ಹಕ್ಕು ಮೊದಲಿನದು ಎಂದು ಹೇಳಿದರೆಂದು ಫಿಶರ್ ಬರೆದರು. ಮಿತ್ರರೊಬ್ಬರು ಆ ಮಾತಿನ ಬಗ್ಗೆ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲಿನ ಸುದ್ದಿಯನ್ನು ಕತ್ತರಿಸಿ ಕಳಿಸಿದ ಮೇಲೆ ಗಾಂಧೀಜಿ ಪಂಚಗಣಿಯಲ್ಲಿ ಕೂತು ಬರೆದ ಲೇಖನ ಜುಲೈ 21ರ ಸಂಚಿಕೆಯಲ್ಲಿ ಬಂತು. ಲೋಕ ಯಹೂದಿಗಳಿಗೆ ಕ್ರೂರ ಅನ್ಯಾಯ ಮಾಡಿದೆ, ಆ ಹಿಂಸೆ ಇಲ್ಲದಿದ್ದರೆ ಪ್ಯಾಲೆಸ್ಟೀನಿಗೆ ಮರಳುವ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂದು ಅಲ್ಲಿ ಒಪ್ಪುತ್ತಾರೆ. ಅಮೆರಿಕ ಮತ್ತು ಬ್ರಿಟನ್ನಿನ ನೆರವಿನಿಂದಲೂ ಈಗ ಬರಿಯ ಭಯೋತ್ಪಾದನೆಯಿಂದಲೂ ಆ ನೆಲದ ಮೇಲೆ ತಮ್ಮನ್ನು ಹೇರಿಕೊಳ್ಳಲು ಹೊರಟದ್ದು ದೊಡ್ಡ ತಪ್ಪು ಎಂದೂ ಹೇಳುತ್ತಾರೆ. ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲಿನ ಸ್ಫೋಟ ಆದದ್ದು ಮರುದಿನ, ಜುಲೈ 22ರಂದು. ಲೇಖನ ಅದಕ್ಕೆ ಕೊಟ್ಟ ಪ್ರತಿಕ್ರಿಯೆ ಎಂದು ಬರೆದರೆ ತಾರೀಖು ತಪ್ಪುತ್ತದೆ. ಈ ವಿವಾದದ ಬಗ್ಗೆ ತಾನು ಹೆಚ್ಚುಕಡಿಮೆ ಮಾತೇ ಆಡಿಲ್ಲ, ಅದಕ್ಕೆ ಬೇಕಾದ ತಿಳಿವಳಿಕೆ ತನಗಿಲ್ಲ ಎಂದೂ ಅದೇ ಲೇಖನದ ಆರಂಭದಲ್ಲಿದೆ. 1938ರಲ್ಲಿ ಅಷ್ಟು ಬರೆದವರು ಎಂಟು ವರ್ಷದ ನಂತರ ಹೀಗೆ ಹೇಳಿದ್ದು ಓದುಗರಿಗೆ ಸೋಜಿಗ ತರುತ್ತದೆ. 1947ರ ಮೇ ತಿಂಗಳಲ್ಲಿ ರಾಯ್ಟರ್ ಸುದ್ದಿಸಂಸ್ಥೆಗೆ ಅವರು ಹೇಳಿದ್ದು, ಸಮಸ್ಯೆ ಬಹುಮಟ್ಟಿಗೆ ಬಿಡಿಸಲಾಗದಂತಾಗಿದೆ ಎಂದು. ತಾನು ಯಹೂದಿಯಾಗಿದ್ದರೆ ತನ್ನವರಿಗೆ ಭಯೋತ್ಪಾದನೆಯ ಮೂರ್ಖತನ ಬೇಡ ಎನ್ನುತ್ತಿದ್ದೆ ಎಂದು. ವಿಶ್ವಸಂಸ್ಥೆ ಪ್ಯಾಲೆಸ್ಟೀನನ್ನು ಇಬ್ಭಾಗಿಸಲು ನಿರ್ಧರಿಸಿದ್ದು ಅದೇ ವರ್ಷದ ನವೆಂಬರ್ 29ರಂದು. ಭಾರತ ಅದರ ವಿರುದ್ಧ ಮತ ಹಾಕಿತು. ಎರಡು ತಿಂಗಳ ನಂತರ ಗಾಂಧೀಜಿಯ ಹತ್ಯೆಯಾಯಿತು. ಇಸ್ರೇಲ್ ಸ್ಥಾಪನೆಯಾದದ್ದು 1948ರ ಮೇ 14ರಂದು. ಆ ರಾಜ್ಯದ ಬಗ್ಗೆ ಗಾಂಧೀಜಿಯ ಅಭಿಪ್ರಾಯ ಎಂದು ಇಂದು ಹೇಳಲಾಗುವ ಯಾವುದೂ ಅವರದ್ದಾಗಿರಲು ಸಾಧ್ಯವಿಲ್ಲ.

ಬರಹಗಾರರು ಈ ಸಾಮಗ್ರಿಯನ್ನು ಬೇರೆಬೇರೆಯಾಗಿ ತೂಗಿದ್ದಾರೆ. 1950ರ ಫಿಶರ್ ಅವರ ಜೀವನಚರಿತ್ರೆ ಸಂಭಾಷಣೆಗೆ ಹೆಚ್ಚು ಬೆಲೆ ಕೊಡುತ್ತದೆ. ಇಸ್ರೇಲಿನ ವಿದ್ವಾಂಸ ಗಿಡಿಯನ್ ಶಿಮೋನಿ 1977ರಲ್ಲಿ ಯಹೂದಿ ಕಡತಗಳನ್ನು ಬಿಡಿಸಿ 1937ರ ಮಾತುಕತೆಯನ್ನು ಚರ್ಚೆಯ ಮಧ್ಯಕ್ಕೆ ತಂದರು. ಶಿಮೋನ್ ಲೆವ್ ಕ್ಯಾಲೆನ್‌ಬಾಕ್ ಸ್ನೇಹದ ಕಥೆಯನ್ನೇ ಪ್ರತ್ಯೇಕ ಪುಸ್ತಕ ಮಾಡಿದರು. ಪಿ. ಆರ್. ಕುಮಾರಸ್ವಾಮಿಯವರು 1938ರ ವಾಕ್ಯವನ್ನು ಕೊನೆಯ ಮಾತೆಂದು ಒಪ್ಪದೆ ಖಿಲಾಫತ್ ಕಾಲದ ರಾಜಕೀಯ ಲೆಕ್ಕಾಚಾರಕ್ಕೆ ಒತ್ತು ಕೊಡುತ್ತಾರೆ. ಅವರ ಒತ್ತು ತುಸು ಹೆಚ್ಚಾಯಿತು ಎನ್ನಿಸಬಹುದು. ಬ್ರಿಟಿಷ್ ಬಂದೂಕಿನ ನೆರಳಲ್ಲಿ ನೆಲೆ ಊರುವುದು ಬೇಡ ಎಂಬ ಗಾಂಧೀಜಿಯ ಮಾತಿಗೆ ಸಾಮ್ರಾಜ್ಯ ವಿರೋಧದ ಬೇರೂ ಇದೆ, ಅದಕ್ಕೆ ಮುಸ್ಲಿಂ ರಾಜಕಾರಣದ ನೆರವು ಬೇಕಿಲ್ಲ. ಗಾಂಧೀಜಿಯ ಸಮಗ್ರ ಬರಹಗಳು ನೂರು ಸಂಪುಟಗಳಲ್ಲಿ ತಾರೀಖಿನ ಅನುಕ್ರಮದಲ್ಲೇ ಅಚ್ಚಾಗಿರುವುದರಿಂದ ‘ಯಂಗ್ ಇಂಡಿಯಾ’ದ 1921ರ ಪುಟಗಳನ್ನೂ ‘ಹರಿಜನ’ದ 1938, 1939, 1946ರ ಪುಟಗಳನ್ನೂ ಒಂದರ ಪಕ್ಕ ಒಂದಿಟ್ಟು ಓದಲು ಅಡ್ಡಿಯಿಲ್ಲ. ಬೂಬರ್ ಮತ್ತು ಮಾಗ್ನೆಸ್ ಅವರ ಪತ್ರಗಳು ಆ ಸಂಪುಟಗಳ ಹೊರಗಿನವು. ಅವನ್ನು ಬೇರೆಯಾಗಿ ತರಿಸಿಕೊಂಡೇ ಓದಬೇಕು.